ಖುರ್ಷಿದಕ್ಕ ಕಲಿಸಿದ ಜಗಳ

"ಬರೋ ಭಾನುವಾರ ಉಯ್ಯಂಬಳ್ಳಿಯಿಂದ ಗಂಡಿನೋರು ನನ್ನ ನೋಡೋಕೆ ಬತ್ತಾವ್ರೆ," ಅಂದಳು ಭಾನುಪ್ರಿಯ, ನಟರಾಜನ ಮುಖಾನೇ ನೋಡ್ತಾ.

ನಟರಾಜು ಕೈಲಿದ್ದ ಬುಗುರಿಯನ್ನ ಒಂದು ಸುತ್ತು ತಿರುಗಿಸಿ ನೋಡಿದ. "ಒಳ್ಳೇದಾಯ್ತು ಬುಡು," ಅಂದ. ಮರ ಕಡೆಯೋ ಲೇತಿನ ಸ್ವಿಚ್ ಹಾಕ್ದ, ಮೋಟರ್ ಗುಂಯ್ ಅಂತು. ಅಷ್ಟೇ! ಎರಡು ವರ್ಷದಿಂದ ಕಣ್ಣಲ್ಲೇ ಕಿಚಾಯಿಸ್ತಿದ್ದ ಮಹಾನುಭಾವ ತಲೆ ಕೂಡ ಎತ್ತಲಿಲ್ಲ.

ಬೇಡ ಅಂತ ಅವನೊಂದು ಮಾತು ಅಂದಿದ್ರೆ ಸಾಕಿತ್ತು, ಮನೇಲಿ ಎದುರು ನಿಲ್ಲೋಕೆ ಅವಳು ತಯಾರಿದ್ದಳು. ಅವನೇ ಸುಮ್ಮನಾದ್ರೆ ಯಾವ ಧೈರ್ಯದ ಮೇಲೆ ನಿಲ್ಲೋದು?

ಅವಳದು ಇಂಜಿನಿಯರಿಂಗ್ ಕೊನೇ ವರ್ಷ. ಗಂಡ ಹೆಂಡ್ತಿ ಮಾತು ಕೇಳಿ, ಇದು ಜಗಳವೋ ಶಾಂತವೋ ಅಂತ ಕಂಪ್ಯೂಟರೇ ಹೇಳಬೇಕು, ಅದು ಪ್ರಾಜೆಕ್ಟು. ಬೆಂಗಳೂರಿನ ಜೋಡಿಗಳ ನೂರಾರು ಮಾತು ಕೇಳಿಸಿ ಅದಕ್ಕೆ ಕಲಿಸಿದ್ದಳು. ಈಗ ನಟರಾಜು ದುಡಿಯೋ ಚನ್ನಪಟ್ಟಣದ ಈ ಗೊಂಬೆ ಕಾರ್ಖಾನೇಲಿ ರೆಕಾರ್ಡ್ ಮಾಡ್ಕೊಂಡು ಪರೀಕ್ಷೆ ಮಾಡೋದಿತ್ತು.

ಅವತ್ತು ರೆಕಾರ್ಡ್ ಆಗಿದ್ದನ್ನ ಮಾರನೇ ದಿನ ಕಾಲೇಜಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದಳು. ಅದೇ ಕಾರ್ಖಾನೇಲಿ ದುಡಿಯೋ ಖುರ್ಷಿದಾ, ಫಕ್ರುದ್ದೀನ್ ದಂಪತಿ ಬಾಯಿ ಬಿಟ್ಟಾಗಲೆಲ್ಲ ಕಂಪ್ಯೂಟರ್ ಹೇಳಿದ್ದು ಜಗಳ, ಜಗಳ, ಜಗಳ. ರೆಕಾರ್ಡರಲ್ಲಿ ಸಿಕ್ಕಿಕೊಂಡಿದ್ದ ತನ್ನ, ನಟರಾಜನ ಆ ಒಂದು ನಿಮಿಷಕ್ಕೆ ಮಾತ್ರ ಶಾಂತ! ಹಾಳಾಗಿ ಹೋಗ್ಲಿ ಅನ್ನಿಸಿತು ಅವಳಿಗೆ.

"ದಿನಾ ಇಷ್ಟೊಂದು ಕಿತ್ತಾಡ್ತೀರಾ ಖುರ್ಷಿದಕ್ಕಾ?" ಸಂಜೆ ಕಾರ್ಖಾನೆಗೆ ಬಂದು ಕೇಳಿದಳು.

ಖುರ್ಷಿದಾ ಹೊಟ್ಟೆ ಹಿಡ್ಕೊಂಡು ನಕ್ಕಳು. "ಅಯ್ಯೋ ನನ್ ತಾಯಿ! ಊಟಕ್ಕೆ ಕರ್ದಿದ್ದು ಕಣವ್ವಾ ಅದು. ಇಲ್ಲಿ ಹತ್ತು ಮೋಟರ್ ತಿರುಗ್ತವೆ, ಮೆತ್ತಗೆ ಮಾತಾಡಿದ್ರೆ ಯಾರಿಗೆ ಕೇಳ್ತದೆ? ನಮ್ಮೋರಿಗೆ ಸಿಟ್ಟು ಬಂದ್ರೆ ಬಾಯಿ ಮುಚ್ಕೊಂಡು ಮೋಟರ್ ಹಾಕ್ಬುಡ್ತಾರೆ. ನಂಗೆ ಅದೇ ಭಯ."

ಆಚೆ ಕೂತಿದ್ದ ಫಕ್ರುದ್ದೀನ್ ತಲೆ ತಗ್ಗಿಸಿದ.

ಭಾನುಪ್ರಿಯಳಿಗೆ ನಟರಾಜು ಮೋಟರ್ ಹಾಕಿದ್ದು ನೆನಪಾಯ್ತು. ಅವತ್ತೇ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಂಗೆ ಕೆಲಸಕ್ಕೆ ನಿಂತಳು. ಮೂರು ದಿನ ಖುರ್ಷಿದಾ ಕಿವೀಗೆ ಇಯರ್‌ಫೋನ್ ಸಿಕ್ಕಿಸಿ, ಕಾರ್ಖಾನೆಯ ಒಂದೊಂದು ಮಾತೂ ಕೇಳಿಸಿ, ಇದು ಸಿಟ್ಟು, ಇದು ಪ್ರೀತಿ ಅಂತ ಅವಳ ಬಾಯಲ್ಲೇ ಹೇಳಿಸಿ ಬರ್ಕೊಂಡಳು. ಕಂಪ್ಯೂಟರಿಗೆ ಮೊದಲಿಂದ ಪಾಠ ಶುರುವಾಯ್ತು.

ಶುಕ್ರವಾರ ಬೆಳಿಗ್ಗೆ ತನ್ನ ಆ ಒಂದು ನಿಮಿಷವನ್ನ ಮತ್ತೆ ಹಾಕಿದಳು.

ಜಗಳ.

ಜಗಳ ಅಂತ ಬಂದಿದ್ದಕ್ಕೆ ಕುಣಿದಾಡಿದ ಹುಡುಗಿ ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಸಿಕ್ಕಿದ ಬಸ್ ಹತ್ತಿ ಬಂದವಳೇ ನಟರಾಜನ ಲೇತಿನ ಸ್ವಿಚ್ ಪಟ್ ಅಂತ ಆಫ್ ಮಾಡಿದಳು.

"ಏಯ್, ಏನೇ ಇದು?"

"ಅವತ್ತು ನಿಂಗೆ ಸಿಟ್ಟು ಬಂದಿತ್ತು."

"ಯಾರ್ ಹೇಳಿದ್ದು?"

"ಕಂಪ್ಯೂಟರ್. ಯಾಕೆ ಬಂತು ಅಂತ ಅದಕ್ಕೆ ಗೊತ್ತಿಲ್ಲ, ನೀನೇ ಹೇಳು. ಹೇಳೋವರ್ಗೂ ನಾನಿಲ್ಲಿಂದ ಕದಲಲ್ಲ."

ನಟರಾಜು ಅರಗಿನ ಬಣ್ಣ ಹತ್ತಿದ ಬೆರಳನ್ನ ಟವೆಲ್ಲಿಗೆ ಒರೆಸಿದ, ಒರೆಸ್ತಾನೇ ಇದ್ದ. "ಓದಿದೋಳು ನೀನು. ಮರ ಕಡೆಯೋನು ನಾನು. ಬ್ಯಾಡ ಅನ್ನಕ್ಕೆ ನಾನ್ಯಾರು ಅಂದ್ಕಂಡೆ." ಟವೆಲ್ ಕೆಳಗಿಟ್ಟ. "ನಿನ್ನ ಬುಟ್ಟು ಇರಕ್ಕಾಗಲ್ಲ ಕಣೆ ಭಾನು."

ಅವಳ ಕಣ್ಣು ತುಂಬಿತು. ಆದ್ರೂ ಬಿಡಲಿಲ್ಲ. "ಇದನ್ನೇ ನಮ್ಮಪ್ಪನ ಮುಂದೆ ಹೇಳ್ತೀಯಾ?"

ಆ ಮಾತಾದ ಮೇಲೆ ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ. "ಉಯ್ಯಂಬಳ್ಳಿಯೋರು ಭಾನುವಾರ ತಾನೇ ಬರಾದು? ನಾಳೇನೇ ನಮ್ಮವ್ವನ್ನ ಕರ್ಕಂಡು ವಿರೂಪಾಕ್ಷಿಪುರಕ್ಕೆ, ನಿಮ್ಮನೆಗೆ ಬತ್ತೀನಿ. ಮನೇಲಿ ಹೇಳಿಟ್ಟಿರು."