ಕಾಡಿಗೆ ಹಚ್ಚಿದ ಕ್ಷೌರದ ಕತ್ತಿ

ಬಹಳ ಬಹಳ ಹಿಂದೆ, ನವಿಲುಗಳು ಊರ ಬಾಗಿಲು ಕಾಯುತ್ತಿದ್ದ ಕಾಲದಲ್ಲಿ, ಕೊಂಬಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಉದ್ದಂಡನೆಂಬ ಮಾಂತ್ರಿಕ. ಅವನನ್ನು ಯಾರಾದರೂ “ಯಾಕೆ?” ಎಂದು ಕೇಳಿದರೆ ಮುಗಿಯಿತು, ಆ ಕ್ಷಣವೇ ಅವನ ಗಡ್ಡದ ಒಂದು ಕೂದಲಾಗಿಬಿಡುತ್ತಿದ್ದರು. ಕೇಳದೆ ಇರುವ ಬಾಯಿ ಎಲ್ಲಿದೆ ಹೇಳಿ! ಗಡ್ಡ ಬೆಳೆದೂ ಬೆಳೆದೂ ಮೊಣಕಾಲು ಮುಟ್ಟಿತು.

ಕ್ಷೌರಿಕ ಹೊನ್ನಯ್ಯನೂ ಒಂದು ದಿನ ಕೂದಲಾದ. ಅವನ ಹೆಂಡತಿ ದುರುಗಿ ಅತ್ತಳು. ಅತ್ತು ಮುಗಿಸಿ, ಕಣ್ಣಿಗೆ ಕಾಡಿಗೆ ತೀಡಿಕೊಂಡು, ಗಂಡನ ಕತ್ತಿಯನ್ನೂ ಮಸೆಯುವ ಕಲ್ಲನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ಅತ್ತೆ ಹೇಳಿದಳು: “ಮಸೆಯುವಾಗ ಬೆನ್ನು ಎತ್ತಬ್ಯಾಡ ಕಣವ್ವಾ. ಕತ್ತಿಯ ಬೆನ್ನೂ ಬಾಯೂ ಒಟ್ಟಿಗೇ ಕಲ್ಲಿನ ಮೇಲೆ ಮಲಗಿರಬೇಕು.”

“ಯಾಕತ್ತೆ?”

“ನಮ್ಮತ್ತೆ ಹೇಳಿದ್ರು, ಅದಕ್ಕೆ!”

ದುರುಗಿಗೆ ಆ ಉತ್ತರ ರುಚಿಸಲಿಲ್ಲ.

ಗುಹೆಯ ಬಾಗಿಲಲ್ಲಿ ಎರಡು ತಲೆಯ ಹುಲಿ ಮಲಗಿತ್ತು. “ಕ್ಷೌರಕ್ಕಾ? ಹೋಗು, ಹೋಗು” ಎಂದು ಒಂದು ತಲೆ ಆಕಳಿಸಿತು. ಇನ್ನೊಂದು ನಿದ್ದೆಯಲ್ಲಿತ್ತು.

ದುರುಗಿ ಒಳಗೆ ಹೋಗಿ, ಗಂಡನನ್ನು ಬಿಟ್ಟುಕೊಡಿ ಎಂದಳು. ಎಷ್ಟೋ ಖಡ್ಗಗಳನ್ನು ಮುರಿದ ಗಡ್ಡ ಅದು. ಉದ್ದಂಡನಿಗೆ ಜಂಭವೋ ಜಂಭ. “ಬೋಳಿಸು ನೋಡೋಣ. ಪೂರ್ತಿ ಬೋಳಾದರೆ ಎಲ್ಲರಿಗೂ ಬಿಡುಗಡೆ. ಹೊತ್ತು ಮುಳುಗಿದರೆ ಗಡ್ಡ ಮತ್ತೆ ಬೆಳೆಯುತ್ತದೆ. ಒಂದು ಹನಿ ರಕ್ತ ಬಂದರೆ ನಿನ್ನ ಗಂಡನೂ ಬೂದಿ, ಉಳಿದವರೂ ಬೂದಿ.”

ಗಡ್ಡದಲ್ಲಿ ಮೂರು ಬಗೆಯ ಕೂದಲಿದ್ದವು. ಮೊದಲು ತಾಮ್ರದ ಕೂದಲು. ಕತ್ತಿ ಸರ್ರನೆ ಓಡಿತು, ಆಮೇಲೆ ಮೊಂಡಾಯಿತು. ದುರುಗಿ ಮಸೆಯಲು ಕುಳಿತಳು. ಹೊತ್ತು ಓಡುತ್ತಿತ್ತು. ಬೇಗ ಆಗಲಿ ಎಂದು ಬೆನ್ನನ್ನು ತುಸು ಎತ್ತಿ ಉಜ್ಜಿದಳು. ಬೇಗನೇ ಹರಿತವಾಯಿತು ನೋಡಿ!

ಎರಡನೆಯದು ಬೆಳ್ಳಿಯ ಕೂದಲು. ಬೆಳ್ಳಿ ಮುಗಿಯುವಷ್ಟರಲ್ಲಿ ಕತ್ತಿಯ ಬಾಯಿ ಸತ್ತೇಹೋಯಿತು. ಈಗ ಬೆನ್ನನ್ನು ಮಲಗಿಸಿ ಎಷ್ಟು ಮಸೆದರೂ ಹರಿತವಾಗಲಿಲ್ಲ. “ಇದ್ಯಾಕೆ ಹೀಗೆ?” ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಉದ್ದಂಡ ಕಿವಿ ನಿಮಿರಿಸಿ ಕಾಯುತ್ತಿದ್ದ. ದುರುಗಿ ತುಟಿ ಕಚ್ಚಿಕೊಂಡಳು.

ಇವನನ್ನು ಕೇಳಿದರೆ ತಾನೇ ಆಪತ್ತು? ಕತ್ತಿಯನ್ನೇ ಕೇಳೋಣ ಅಂದುಕೊಂಡಳು. ಕಣ್ಣಿನ ಕಾಡಿಗೆ ತೆಗೆದು ಅಲಗಿನ ಅಂಚಿಗೆ ಸವರಿ, ಕಲ್ಲಿನ ಮೇಲೆ ಒಂದೇ ಸಲ ಎಳೆದಳು. ಅಂಚಿನ ಹಿಂಭಾಗದ ಕಾಡಿಗೆ ಅಳಿಸಿತ್ತು, ಕೂದಲು ಕತ್ತರಿಸುವ ತುದಿಯಲ್ಲಿ ಗೆರೆಯಷ್ಟು ಉಳಿದಿತ್ತು. ಕಲ್ಲು ತುದಿಗೆ ತಾಗುತ್ತಲೇ ಇಲ್ಲ!

“ಅಯ್ಯೋ ಮಗಳೇ,” ಉದ್ದಂಡ ಬೆಣ್ಣೆಯಂಥ ಮಾತಾಡಿದ, “ಕತ್ತಿಯ ಬೆನ್ನಿಗೆ ಈ ಚಿನ್ನದ ಪಟ್ಟಿ ತೊಡಿಸು. ಬೆನ್ನು ಎತ್ತರವಾದರೆ ತುದಿ ತಾಗುತ್ತದೆ.”

ಮಾತೇನೋ ನಿಜ. ದುರುಗಿ ತೊಡಿಸಿದಳು, ಆದರೂ ಸುಮ್ಮನಿರದೆ ಮತ್ತೆ ಕಾಡಿಗೆ ಸವರಿ ಎಳೆದಳು. ಈ ಸಲ ತುದಿಯದು ಮಾತ್ರ ಅಳಿಸಿತು, ಹಿಂದಿನದು ಹಾಗೇ ಇತ್ತು. ಅಂಚು ದಪ್ಪವಾಗುತ್ತಿದೆ! ದಪ್ಪ ಅಂಚು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ಜಗ್ಗಿದರೆ ರಕ್ತ. ಬೆನ್ನು ಎತ್ತಿ ತಾನು ಮಾಡಿದ ತಪ್ಪೂ ಇದೇ ಎಂದು ಅವಳಿಗೆ ಆಗ ಹೊಳೆಯಿತು.

“ಕೊಡಲಿಗೆ ಸರಿ ಸ್ವಾಮಿ, ನಿಮ್ಮ ಕೆನ್ನೆಗಲ್ಲ” ಎಂದು ಪಟ್ಟಿ ಕಿತ್ತು ಅವನ ಮಡಿಲಿಗೆ ಹಾಕಿದಳು.

ಹೊತ್ತು ಗುಡ್ಡದ ನೆತ್ತಿಗೆ ಇಳಿದಿತ್ತು. ಆದರೂ ದುರುಗಿ ಕತ್ತಿಯ ಬೆನ್ನು ಎತ್ತಲಿಲ್ಲ. ಹೋಗುತ್ತಾ ಒಂದು ಮಗ್ಗುಲು, ಬೆನ್ನಿನ ಮೇಲೆ ಹೊರಳಿಸಿ ಬರುತ್ತಾ ಇನ್ನೊಂದು. ಮತ್ತೆ ಮತ್ತೆ ಕಾಡಿಗೆ, ಮತ್ತೆ ಮತ್ತೆ ಕಲ್ಲು. ಕೊನೆಗೊಮ್ಮೆ ಒಂದೇ ಎಳೆತಕ್ಕೆ ಹಿಂದಿನಿಂದ ತುದಿಯವರೆಗೆ ಕಾಡಿಗೆಯೆಲ್ಲ ಅಳಿಸಿಹೋಯಿತು.

ಮೂರನೆಯದು ಕಬ್ಬಿಣದ ಕೂದಲು. ಎಳೆ ಹುಲ್ಲಿನಂತೆ ಉದುರಿತು. ಕೊನೆಯದು ಬಿದ್ದದ್ದೇ ತಡ, ನೆಲದ ಕೂದಲೆಲ್ಲ ಮನುಷ್ಯರಾಗಿ ಎದ್ದವು. ಗುಹೆಯಲ್ಲಿ ಕಾಲಿಡಲು ಜಾಗವಿಲ್ಲ. ಉದ್ದಂಡನ ಮಂತ್ರವೆಲ್ಲ ಗಡ್ಡದ ಜೊತೆಗೇ ಹೋಗಿತ್ತು. ನುಣ್ಣನೆ ಗಲ್ಲದ ಮುದುಕನೊಬ್ಬ ಪಿಳಿಪಿಳಿ ಕಣ್ಣುಬಿಡುತ್ತ ಕುಳಿತಿದ್ದ.

ದುರುಗಿ ಚೀಲದಿಂದ, ಗೀರಿದ್ದಲ್ಲಿ ಉರಿಯುವ ಪಟಿಕದ ತುಂಡು ತೆಗೆದು ಅವನ ಗಲ್ಲಕ್ಕೆ ಉಜ್ಜಿದಳು. ಪಟಿಕ ಹಚ್ಚದೆ ಗಿರಾಕಿಯನ್ನು ಎಬ್ಬಿಸುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ.

“ಇವನಿಗೂ ಹಚ್ತೀಯೇನೇ?” ಬೆನ್ನ ಹಿಂದಿನಿಂದ ಹೊನ್ನಯ್ಯನ ದನಿ.

ಅವಳು ತಿರುಗಲಿಲ್ಲ. “ಎಲ್ಲಾದರೂ ಉರೀತಾ ಸ್ವಾಮಿ?”

“ಇಲ್ಲ ತಾಯೀ” ಎಂದ ಮುದುಕ, “ಎಲ್ಲೂ ಇಲ್ಲ.”

ಆಗ ದುರುಗಿ ಕತ್ತಿ ಕೆಳಗಿಟ್ಟು, ಗಂಡನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆ ರಾಜ್ಯದವರು ಆಮೇಲೆ ಬಹುಕಾಲ ಸುಖವಾಗಿ ಬಾಳಿದರು.