ನಾನಿನ್ನೂ ಬಂದಿಲ್ಲ

"ಬಂದ್ರಾ? ಸರಿ, ಹೊರಡೋಣ."

ಈ ಮೂರು ಪದ ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನೀವೇ ನ್ಯಾಯ ಹೇಳಿ. ಗುಂಪಿನಲ್ಲಿ ಗುಡ್ಡ ಹತ್ತುತ್ತೀರಿ. ಚುರುಕು ಕಾಲಿನವರು ಮುಂದೆ ಓಡಿಹೋಗಿ ಒಂದು ಒಳ್ಳೆಯ ನೆರಳು ಹಿಡಿದು ಕೂರುತ್ತಾರೆ. ನೀರು ಕುಡಿಯುತ್ತಾರೆ, ಬಿಸ್ಕತ್ತು ಹಂಚಿಕೊಳ್ಳುತ್ತಾರೆ, ಬೂಟು ಬಿಚ್ಚಿ ಕಾಲ್ಬೆರಳಿಗೆ ಗಾಳಿ ಆಡಿಸುತ್ತಾರೆ. ಅಷ್ಟರಲ್ಲಿ ನೀವು, ಅಂದರೆ ನಾನು, ಏದುಸಿರು ಬಿಡುತ್ತ ಹೇಗೋ ಅಲ್ಲಿಗೆ ತಲುಪುತ್ತೀರಿ. ತಲುಪಿದ್ದೇ ತಡ, ಎಲ್ಲರೂ ಪ್ಯಾಂಟು ಕೊಡವಿಕೊಂಡು ಎದ್ದು ನಿಲ್ಲುತ್ತಾರೆ. ಕೂರುವ ಅಗತ್ಯ ಇರುವವಳು ಒಬ್ಬಳೇ, ಅವಳೊಬ್ಬಳಿಗೇ ಕೂರಲು ಇಲ್ಲ.

ಆ ಮಾತು ಹೇಳುತ್ತಿದ್ದವರು ನಮ್ಮ ನಡಿಗೆ ಕ್ಲಬ್ಬಿನ ಕ್ಯಾಪ್ಟನ್. ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಸೀಟಿ ಮಾತ್ರ ಇನ್ನೂ ಸರ್ವಿಸಿನಲ್ಲಿತ್ತು.

ನನ್ನನ್ನು ಆ ಕ್ಲಬ್ಬಿಗೆ ಸೇರಿಸಿದವಳು ಅಕ್ಕ. ನನ್ನದು ಬಟ್ಟೆ ಆಲ್ಟರೇಷನ್ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು. ಇಡೀ ದಿನ ಮಿಷಿನ್ ಮುಂದೆ ಬಗ್ಗಿ ಕೂತು ಬೆನ್ನು ಬಿಲ್ಲಾಗಿತ್ತು.

"ಈ ವಯಸ್ಸಿಗೇ ಏಳೋವಾಗ 'ಅಮ್ಮಾ' ಅಂತೀಯ," ಎಂದಿದ್ದಳು ಅಕ್ಕ. "ಭಾನುವಾರ ನಾಲ್ಕು ಹೆಜ್ಜೆ ನಡಿ. ನಾಲ್ಕು ಜನರ ಮುಖ ನೋಡಿದ ಹಾಗೂ ಆಗತ್ತೆ."

ಜನರ ಮುಖ! ಕೊನೆಯಲ್ಲಿ ನಡೆಯುವವಳಿಗೆ ಕಾಣುವುದು ಜನರ ಬೆನ್ನು. ಮೊದಲ ಭಾನುವಾರವೇ ಯಾರದೋ ಬ್ಯಾಗಿನ ಜಿಪ್ ರಿಪೇರಿ ಮಾಡಿಕೊಟ್ಟು 'ಜಿಪ್ ಮೇಡಂ' ಎಂಬ ಬಿರುದು ಪಡೆದೆ. ಜಿಪ್ ಸರಿಹೋದದ್ದೇ ಆ ಬ್ಯಾಗೂ ನನ್ನನ್ನು ಬಿಟ್ಟು ಮುಂದೆ ಹೋಯಿತು. ಹಿಂದೆ ಉಳಿದವನು ಒಬ್ಬನೇ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನಾನು ನಿಂತರೆ ನಿಂತು, ನಡೆದರೆ ನಡೆಯುತ್ತ ಬರುತ್ತಿದ್ದ.

"ನೀವು ಮುಂದೆ ಹೋಗಿ," ಎಂದೆ.

"ಹೋಗೋ ಹಾಗಿಲ್ಲ. ನಾನು ಬಾಲ."

"ಬಾಲು ಅವರೇ, ದಾರಿ ಅಗಲವಾಗೇ ಇದೆಯಲ್ಲ, ಹೋಗಿ."

ಅವನ ಕಣ್ಣು ಮೊದಲು ನಕ್ಕಿತು. ಬಾಯಿಯನ್ನು ಹಿಡಿದಿಟ್ಟುಕೊಳ್ಳಲು ಪಾಪ ಬಹಳ ಪಾಡುಪಟ್ಟ. "ಹೆಸರಲ್ಲ ಮೇಡಂ. ಬಾಲ. ನಾಯಿಗಿರತ್ತಲ್ಲ, ಅದು. ಬಾಲ ಮುಂದೆ ಹೋದ್ರೆ ಮೂತಿ ಆಗತ್ತೆ."

ಕ್ಲಬ್ಬಿನ ಕಾನೂನು ಆಮೇಲೆ ತಿಳಿಯಿತು. ಮುಂದೆ ಕ್ಯಾಪ್ಟನ್, ಕೊನೆಯಲ್ಲಿ ಬಾಲ. ಬಾಲ ಯಾರನ್ನೂ ದಾಟಬಾರದು. ಗುಂಪು ಎಲ್ಲಿ ನಿಂತರೂ ಬಾಲ ಬಂದು ಸೇರಿ ತಲೆ ಎಣಿಕೆ ಆಗುವ ತನಕ ಯಾರೂ ಮುಂದೆ ಹೊರಡಬಾರದು. ಯಾರೂ ಕಾಡಿನಲ್ಲಿ ತಪ್ಪಿಸಿಕೊಳ್ಳಬಾರದು ನೋಡಿ, ಅದಕ್ಕೆ. ಅಂದರೆ ನನಗೆ ಕಾವಲಿಗೊಬ್ಬ ಮನುಷ್ಯ! ಕುರಿಮರಿಯೇ ನಾನು? ಅವತ್ತು ಅವನನ್ನೂ ಬೈದೆ, ಕ್ಯಾಪ್ಟನ್ನರನ್ನೂ ಬೈದೆ, ಹಿಂದಿರುಗಿ ಅಕ್ಕನನ್ನೂ ಬೈದೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ.

ಅವನು ಲಿಫ್ಟ್ ಮೆಕ್ಯಾನಿಕ್. "ವಾರವೆಲ್ಲ ಜನ ಮೆಟ್ಟಿಲು ಹತ್ತದ ಹಾಗೆ ನೋಡ್ಕೋತೀನಿ," ಎಂದ. "ಭಾನುವಾರ ಆ ಪಾಪ ಕಳ್ಕೋತೀನಿ." ಮಾತು ಕಡಿಮೆ. ಆದರೆ ಕೇಳಿಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾನು 'ಹೊರಡೋಣ'ದ ಅನ್ಯಾಯವನ್ನು ಪ್ರತಿ ವಾರ ಹೊಸದಾಗಿ ಹೇಳುತ್ತಿದ್ದೆ, ಅವನು ಪ್ರತಿ ವಾರ ಮೊದಲ ಸಲ ಎಂಬಂತೆ ಕೇಳುತ್ತಿದ್ದ.

ಅವನ ಎಡಗಾಲಿನ ಬೂಟು ಕಿರ್ ಎನ್ನುತ್ತಿತ್ತು. ಮುಖ ಕಾಣದ ಮನುಷ್ಯನನ್ನು ನಾನು ಆ ಸದ್ದಿನಲ್ಲೇ ಗುರುತು ಹಿಡಿದೆ. ಕಿರ್ ನಿಧಾನವಾದರೆ ಅವನು ಏನೋ ಯೋಚಿಸುತ್ತಿದ್ದಾನೆ. ಬೇಗ ಬೇಗ ಬಂದರೆ ಏನೋ ಹೇಳಲಿದ್ದಾನೆ.

"ಲಿಫ್ಟಿಗೆಲ್ಲ ಎಣ್ಣೆ ಹಾಕ್ತೀರಿ, ಬೂಟಿಗೆ ಹಾಕೋಕಾಗಲ್ವಾ?" ಎಂದೆ ಒಮ್ಮೆ.

"ಹಾಕಿದ್ರೆ ನಾನು ಹಿಂದೆ ಇದೀನಿ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

ಆ ಭಾನುವಾರ ಉಳಿದ ದಾರಿ ನನಗೆ ಏರು ಯಾವುದು, ಇಳಿಜಾರು ಯಾವುದು ಎಂಬುದೇ ತಿಳಿಯಲಿಲ್ಲ. ಕಿವಿ ಬಿಸಿಯಾಗಿತ್ತು. ಅದಕ್ಕೂ ಸಿಟ್ಟು ಬಂತು. ಇಂಥ ಮಾತನ್ನು ಬೆನ್ನಿಗೆ ಹೇಳಿ ಬಿಡುವುದು ಎಂಥ ಸಭ್ಯತೆ? ಮುಖ ನೋಡಿ ಹೇಳಬಾರದೆ?

ತಿರುಗಿ ನೋಡಲು ನೆಪ ಬೇಕಲ್ಲ. ಬ್ಯಾಗಿನ ಹಿಂದುಗಡೆ ನೀರಿನ ಬಾಟಲಿಗೆ ಹೊಸ ಜೇಬು ಹೊಲಿದುಕೊಂಡೆ. ನನ್ನ ಕೈಗೆ ಎಟುಕದ ಜಾಗದಲ್ಲಿ. ಪ್ರತಿ ಸಲ ಅವನೇ ತೆಗೆದುಕೊಡಬೇಕು.

"ಈ ಜೇಬು ಸ್ವಲ್ಪ ಪಕ್ಕಕ್ಕೆ ಬಂದಿದ್ರೆ ನಿಮಗೇ ಸಿಕ್ತಿತ್ತಲ್ವಾ?" ಎಂದ, ಬಾಟಲಿ ಚಾಚಿ, ನನ್ನನ್ನೇ ನೋಡುತ್ತ.

"ನನಗೆ ಹೊಲಿಗೆ ಹೇಳಿಕೊಡ್ತೀರಾ?"

"ಇಲ್ಲಪ್ಪ," ಎಂದು ಕಣ್ಣು ತಗ್ಗಿಸಿದ. ತಗ್ಗಿಸಿದ ಕಣ್ಣಿನಲ್ಲೂ ನಗುವಿತ್ತು.

ಒಂದು ವಾರ ನಮ್ಮ ಫೋಟೊ ಆಂಟಿ ಕಂಡಕಂಡ ಹೂವಿಗೆಲ್ಲ ನಿಂತು ನನಗಿಂತ ಹಿಂದೆ ಉಳಿದರು. ಕಾನೂನಿನ ಪ್ರಕಾರ ಬಾಲ ಅವರ ಪಾಲಾದ. ನನ್ನ ಹಿಂದೆ ಸದ್ದಿಲ್ಲ. ಎಂಥ ಮೋಸ! ನಾನು ಒಂದೇ ಬೂಟಿನ ಲೇಸನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ಕೊನೆಗೆ ಆಂಟಿಯೇ ನನ್ನನ್ನು ದಾಟುತ್ತ, "ಲೇಸು ಬಹಳ ಉದ್ದ ಆಯ್ತೇನಮ್ಮ?" ಎಂದು ನಕ್ಕು ಮುಂದೆ ಹೋದರು.

ಹೀಗಿರುವಾಗ ಬುಧವಾರ ಸಂಜೆ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಕ್ಯಾಪ್ಟನ್ನರ ಸಂದೇಶ ಬಂತು. 'ಈ ಭಾನುವಾರ ದೊಡ್ಡ ಗುಡ್ಡ. ಜಿಪ್ ಮೇಡಂ ಅವರನ್ನು ಶನಿವಾರದ ಕೆರೆ ಗುಂಪಿಗೆ ಬದಲಾಯಿಸಿದೆ. ಬಾಲ ಹೇಳಿದಂತೆ ಅವರಿಗೆ ರೆಸ್ಟ್ ಕೊಡಲಾಗಿದೆ. ಸಹಕರಿಸಿ.'

ಬಾಲ ಹೇಳಿದಂತೆ!

ಕೆರೆ ಗುಂಪೆಂದರೆ ಮಗುವಿನ ತಳ್ಳುಗಾಡಿ, ನಾಯಿಮರಿ, ಆಪರೇಷನ್ ಆದ ಮಂಡಿಗಳ ಗುಂಪು. ಅವರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಒಮ್ಮೆ ಅಲ್ಲಿಗೆ ಹಾಕಿದರೆ ಆ ವರ್ಷವೆಲ್ಲ ಅಲ್ಲೇ. ಮತ್ತೆ ಅಲ್ಲಿ ಬಾಲ ಇರುವುದಿಲ್ಲ. ಕೆರೆಯ ಸುತ್ತ ನಡೆಯುವಾಗ ಯಾರು ಹಿಂದೆ, ಯಾರು ಮುಂದೆ? ನನ್ನ ಭಾನುವಾರಗಳನ್ನು, ಆ ಕಿರ್ ಸದ್ದನ್ನು, ಅವನೇ ಒಂದು ಮಾತು ಹೇಳಿ ಕಿತ್ತುಕೊಂಡಿದ್ದ. ಅದೂ ಊರಿಗೆಲ್ಲ ಗೊತ್ತಾಗುವ ಹಾಗೆ.

ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು. "ಹೋಗಲಿ ಬಿಡೇ, ಕೆರೆ ತಂಪಾಗಿರತ್ತೆ."

"ನನಗೆ ತಂಪು ಬೇಡ!"

"ಬೇಕಾಗಿರೋದು ಗುಡ್ಡಾನಾ, ಬಾಲಾನಾ?"

"ಅಕ್ಕಾ!" ಎಂದು ಕಿರುಚಿದೆ. ಅವಳು ಉತ್ತರ ಸಿಕ್ಕವಳಂತೆ ಅಡುಗೆಮನೆಗೆ ಹೋದಳು.

ಮರುದಿನ ಅವನು ಅಂಗಡಿಗೆ ಬಂದ. ಕೈಯಲ್ಲಿ ಕೆಲಸದ ಜಾಕೆಟ್, ಕಿತ್ತುಹೋದ ಜಿಪ್. ಅವನು ಬಾಗಿಲು ತೆರೆಯುವ ಮೊದಲೇ ಬೂಟು ಹೇಳಿಬಿಟ್ಟಿತ್ತು. ನಾನು ತಲೆ ಎತ್ತಲಿಲ್ಲ.

"ಮುಂದಿನ ವಾರ ಸಿಗತ್ತೆ. ಟೋಕನ್ ತಗೊಳ್ಳಿ."

"ಮೇಡಂ, ನಾನು ಹೇಳಿದ್ದು ಹಾಗಲ್ಲ."

"ಹೇಳಿದ್ದಂತೂ ಹೌದಲ್ಲ?"

"ಹೇಳಿದ್ದು ಹೌದು. 'ಕೊನೇಲಿ ಬರೋರಿಗೆ ರೆಸ್ಟ್ ಕೊಡಿ ಸಾರ್' ಅಂದೆ. ಬಂದ ತಕ್ಷಣ ಹೊರಡಿಸಬೇಡಿ, ಸ್ವಲ್ಪ ಹೊತ್ತು ಕೂರೋಕೆ ಬಿಡಿ ಅಂತ. ನೀವು ಪ್ರತಿ ವಾರ ಹೇಳ್ತಿದ್ರಲ್ಲ, ಅದನ್ನೇ ಹೇಳಿದ್ದು."

ನನ್ನ ಕಾಲು ಪೆಡಲ್ ಮೇಲೆ ನಿಂತುಹೋಯಿತು. ರೆಸ್ಟ್ ಕೊಡಿ! ಪೀಟಿ ಮೇಷ್ಟ್ರ ಹತ್ತಿರ ಹೋಗಿ ಆ ಮಾತು ಹೇಳಿದರೆ ಇನ್ನೇನಾಗುತ್ತದೆ? ಓಡಲಾರದ ಹುಡುಗರನ್ನು ಟೀಮಿನಿಂದ ಕೈಬಿಡುವಾಗ ಅವರು ಜೀವಮಾನವಿಡೀ ಬಳಸಿದ ಮಾತೇ ಅದು. ನನ್ನ ಪರವಾಗಿ ಹೇಳಿದ್ದನ್ನು ಅವರು ನನ್ನ ಮೇಲಿನ ದೂರು ಎಂದುಕೊಂಡಿದ್ದರು.

"ಅದನ್ನ ಕ್ಯಾಪ್ಟನ್‌ಗೆ ಬಿಡಿಸಿ ಹೇಳಬೇಕು ತಾನೆ?"

"ಫೋನ್ ಮಾಡಿದ್ದೆ. 'ತೀರ್ಮಾನ ಆಗಿದೆ' ಅಂದ್ರು."

"ನೀವೇನಂದ್ರಿ?"

ಅವನು ಜಾಕೆಟ್ಟಿನ ಕಾಲರನ್ನು ಹಿಂಡುತ್ತಿದ್ದ. "ಸರಿ ಸಾರ್ ಅಂದೆ."

"ಸರಿ ಸಾರ್!" ನಾನು ಎದ್ದೇ ನಿಂತೆ. ಕತ್ತರಿ ಕೆಳಗೆ ಬಿತ್ತು. "ನನ್ನ ಮಾನ ಇಡೀ ಗುಂಪಿನ ಮುಂದೆ ಹೋಗಿದೆ, ನೀವು ಸರಿ ಸಾರ್ ಅಂತೀರಿ!"

"ನನಗೆ ಜಗಳ ಆಡೋಕೆ ಬರಲ್ಲ ಮೇಡಂ."

"ಹಾಗಾದ್ರೆ ಒಂದು ತಿಳ್ಕೊಳ್ಳಿ. ನನ್ನ ಹಿಂದೆ ಇರೋದು ಬೇರೆ, ನನ್ನ ಕಡೆ ಇರೋದು ಬೇರೆ."

ಅವನು ಬಗ್ಗಿ ಕತ್ತರಿ ಎತ್ತಿ ಮೇಜಿನ ಮೇಲಿಟ್ಟ. ಒಮ್ಮೆ ಮುಖ ನೋಡಿದ. ಕಣ್ಣಿನಲ್ಲಿ ನಗುವಿರಲಿಲ್ಲ. ಟೋಕನ್ ತೆಗೆದುಕೊಳ್ಳದೆ ಹೊರಟುಹೋದ. ಅವತ್ತು ನಾನು ಯಾರದೋ ಪ್ಯಾಂಟಿನ ಒಂದು ಕಾಲನ್ನು ಮಾತ್ರ ಗಿಡ್ಡ ಮಾಡಿ ಇಸ್ತ್ರಿಗೆ ಕೊಟ್ಟಿದ್ದೆ.

ಭಾನುವಾರ ನಾನು ದೊಡ್ಡ ಗುಡ್ಡದ ಬುಡಕ್ಕೇ ಹೋದೆ. ಬಾಟಲಿಯನ್ನು ಪಕ್ಕದ ಜೇಬಿಗೆ ಬದಲಾಯಿಸಿದ್ದೆ.

"ನಿಮ್ಮದು ಶನಿವಾರ ಅಲ್ವಾ?" ಎಂದರು ಕ್ಯಾಪ್ಟನ್.

"ಶನಿವಾರ ಅಂಗಡಿ ಇದೆ ಸಾರ್."

ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಸರಿ. ಅರ್ಧ ದಾರೀಲಿ ಕವಲಿದೆ. ಅಲ್ಲಿ ನಿಮ್ಮ ಉಸಿರು ನೋಡ್ತೀನಿ. ಇದ್ರೆ ಮೇಲೆ. ಇಲ್ಲದಿದ್ರೆ ಕೆಳಗಿನ ದಾರಿ ಹಿಡಿದು ಬಸ್ ಸ್ಟಾಪ್. ಆಮೇಲೆ ಭಾನುವಾರದ ಮಾತು ಎತ್ತಬಾರದು."

ಆ ಅರ್ಧ ದಾರಿ ನಾನು ಒಂದು ಮಾತೂ ಆಡಲಿಲ್ಲ. ಹಿಂದಿನಿಂದ ಕಿರ್, ಕಿರ್. ನನ್ನ ಜೊತೆ ಮಾತಾಡುವ ಧೈರ್ಯವಿದ್ದದ್ದು ಬೂಟಿಗೆ ಮಾತ್ರ. ಸಿಟ್ಟಿನಲ್ಲಿ ಜೋರಾಗಿ ಹತ್ತಿದೆ. ಜೋರಾಗಿ ಹತ್ತಿದ್ದಕ್ಕೇ ಉಸಿರು ಕಟ್ಟಿತು. ಕವಲಿಗೆ ಬಂದಾಗ ಎಲ್ಲರೂ ಎಂದಿನಂತೆ ನೆರಳಿನಲ್ಲಿದ್ದರು, ಬಿಸ್ಕತ್ತಿನ ಪೊಟ್ಟಣ ಖಾಲಿಯಾಗಿತ್ತು.

"ಬಂದ್ರಾ?" ಎಂದರು ಕ್ಯಾಪ್ಟನ್. "ಎಲ್ಲಿ, ಮಾತಾಡಿ ನೋಡೋಣ."

ಜೀವನದಲ್ಲಿ ಎಂದೂ ಮಾತಿಗೆ ಬರ ಇಲ್ಲದ ನನಗೆ ಆಗ ಒಂದಕ್ಷರ ಹೊರಡಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಕಣ್ಣಲ್ಲಿ ನೀರು ಬಂತು.

"ಕೆಳಗಿನ ದಾರಿ ಅಲ್ಲಿದೆ ಮೇಡಂ. ಉಳಿದೋರು, ಸರಿ, ಹೊರಡೋಣ."

ಸೀಟಿ ಊದಿ, ತಲೆ ಎಣಿಸಿದರು. ಒಂದು ತಲೆ ಕಡಿಮೆ.

ನಾನು ತಿರುಗಿ ನೋಡಿದೆ. ಸ್ವಲ್ಪ ಕೆಳಗೆ, ದಾರಿಯ ತಿರುವಿನಲ್ಲಿ, ಅವನು ಒಂದು ಬಂಡೆಯ ಮೇಲೆ ಕೂತಿದ್ದ. ಎಡಗಾಲಿನ ಬೂಟು ಬಿಚ್ಚಿ ಪಕ್ಕದಲ್ಲಿ ಇಟ್ಟಿದ್ದ.

"ಏನಪ್ಪಾ, ಬಾ!"

"ನಾನಿನ್ನೂ ಬಂದಿಲ್ಲ ಸಾರ್."

"ಅಲ್ಲೇ ಕಾಣ್ತಿದ್ದೀಯಲ್ಲ!"

"ಕಾಣ್ತಿದ್ದೀನಿ. ಬಂದಿಲ್ಲ." ಅವನ ಕಿವಿ ಕೆಂಪಾಗಿತ್ತು. "ಬಾಲ ಬರದೆ ಗುಂಪು ಹೊರಡೋ ಹಾಗಿಲ್ಲ ಸಾರ್. ನಿಮ್ಮದೇ ಕಾನೂನು."

"ಮತ್ತೆ ಯಾವಾಗ ಬರ್ತೀಯ?"

"ಮೇಡಂ ಕೂತು, ನೀರು ಕುಡಿದು, ಅವರ ಉಸಿರು ಅವರಿಗೆ ಬಂದ ಮೇಲೆ."

ಫೋಟೊ ಆಂಟಿ ಮೊದಲು ಕೂತರು. "ನನ್ನ ಮಂಡಿಗೂ ಒಳ್ಳೇದಾಯ್ತು," ಎಂದು, ಬಂಡೆಯ ಮೇಲಿದ್ದವನ ಒಂದು ಫೋಟೊ ಹೊಡೆದರು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕೊನೆಗೆ ನಾನೂ ಕೂತೆ. ಆ ಕ್ಲಬ್ಬಿನಲ್ಲಿ ನಾನು ನೆಮ್ಮದಿಯಾಗಿ ಕೂತದ್ದು ಅದೇ ಮೊದಲು. ನೀರು ಎಷ್ಟು ರುಚಿಯಾಗಿತ್ತೆಂದರೆ, ಇಷ್ಟು ದಿನ ಇದನ್ನು ಬಚ್ಚಿಟ್ಟಿದ್ದರಲ್ಲ ಎಂದು ಮತ್ತೆ ಸಿಟ್ಟು ಬಂತು. ಸಿಟ್ಟಿನ ಜೊತೆ ಮಾತೂ ಬಂತು.

"ಸಾರ್, ಹತ್ತೋಕೆ ಆಗದೋಳಲ್ಲ ನಾನು. ಕೂರೋಕೆ ಬಿಡದೋರು ನೀವು. ಓಡೋರಿಗೆಲ್ಲ ರೆಸ್ಟು, ಕೊನೇಲಿ ಬಂದೋಳಿಗೆ ಸೀಟಿ. ಯಾವ ನ್ಯಾಯ ಇದು?"

ಕ್ಯಾಪ್ಟನ್ ನನ್ನನ್ನು ನೋಡಿದರು, ಬಂಡೆಯ ಕಡೆ ನೋಡಿದರು. ನಿಜವಾಗಿಯೂ ಆಶ್ಚರ್ಯಪಟ್ಟು, "ಹೌದಾ? ಮೊದಲೇ ಹೇಳೋದಲ್ವಾ ಇದನ್ನ?" ಎಂದರು.

ಮೊದಲೇ ಹೇಳುವುದಂತೆ! ನಾನು ಹಲ್ಲು ಕಚ್ಚಿಕೊಂಡು ಬ್ಯಾಗು ಹೆಗಲಿಗೇರಿಸಿದೆ. ಮೇಲಿನ ದಾರಿಗೆ ಅವರೇ ಕೈ ತೋರಿಸಿದ್ದರು.

ಅಲ್ಲಿಂದ ಏರು ಕಡಿದಾಗಿತ್ತು. ಕಿರ್ ಸದ್ದು ಮತ್ತೆ ನನ್ನ ಹಿಂದೆ ಬಂತು, ನಿಧಾನವಾಗಿ.

"ಎಲ್ಲರ ಮುಂದೆ ಹಾಗೆ ಕೂತ್ರಲ್ಲ, ನಾಳೆ ಜನ ಏನಂತಾರೆ?" ಎಂದೆ, ತಿರುಗದೆ.

"ಅನ್ನಲಿ."

"ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ."

"ಗೊತ್ತು."

"ಏನು ಗೊತ್ತು ನಿಮಗೆ?" ನಾನು ನಿಂತು ತಿರುಗಿಯೇ ಬಿಟ್ಟೆ. "ನಾಲ್ಕು ರಾತ್ರಿ ಆ ಬೂಟಿನ ಸದ್ದು ಇನ್ನು ಕೇಳಲ್ಲ ಅಂತ ನಿದ್ದೆ ಇಲ್ಲ ನನಗೆ. ಪ್ಯಾಂಟಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ ಹೊಲಿದಿದ್ದೀನಿ. ನೀವು ಇಷ್ಟ ಆಗಿಬಿಟ್ಟಿದ್ದೀರಿ, ಅದಕ್ಕೆ ಸಿಟ್ಟು! ಗೊತ್ತಂತೆ!"

ಅವನು ನನ್ನ ಮುಖವನ್ನೇ ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ. "ಆ ಜಾಕೆಟ್ಟಿನ ಜಿಪ್ ಕಿತ್ತೋಗಿರಲಿಲ್ಲ ಮೇಡಂ," ಎಂದ ಮೆತ್ತಗೆ. "ನಾನೇ ಕಿತ್ತೆ."

ನಾನು ಮುಂದೆ ತಿರುಗಿ ನಡೆದೆ. ಎಷ್ಟು ಬೇಗ ನಡೆದೆನೆಂದರೆ ಕಿರ್ ಸದ್ದಿಗೆ ನನ್ನನ್ನು ಹಿಡಿಯುವುದೇ ಕಷ್ಟವಾಯಿತು.

ತುದಿಗೆ ಬಂದಾಗ ಗುಂಪು ಕೂತಿತ್ತು. ಕ್ಯಾಪ್ಟನ್ "ಬಂದ್ರಾ?" ಎಂದವರು ಅಲ್ಲಿಗೇ ನಿಲ್ಲಿಸಿ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ಯಾರೂ ಏಳಲಿಲ್ಲ. ನಾನು ಹುಲ್ಲಿನ ಮೇಲೆ ಕೂತು ಕಾಲು ಚಾಚಿದೆ. ಕೆಳಗೆ ಊರಿನ ಮನೆಗಳು, ಅವುಗಳಾಚೆ ಕೆರೆ, ಎಲ್ಲ ಕಾಣುತ್ತಿತ್ತು. ಗಾಳಿ ಬೀಸುತ್ತಿತ್ತು.

ಅವನು ಮಾತ್ರ ನಾಲ್ಕು ಹೆಜ್ಜೆ ಕೆಳಗೇ ನಿಂತುಬಿಟ್ಟಿದ್ದ.

"ಏನು, ಅಲ್ಲೇ ನಿಂತ್ರಿ?"

"ನಾನಿನ್ನೂ ಬಂದಿಲ್ಲ," ಎಂದ. "ಕರೆದ್ರೆ ಬರ್ತೀನಿ."

ಇಷ್ಟೆಲ್ಲ ಆದ ಮೇಲೂ ಕರೆಯಬೇಕಂತೆ! ಅದೂ ನಾನೇ! ಎಲ್ಲರೂ ಬೇರೆ ಕಡೆ ನೋಡುತ್ತಿರುವಂತೆ ನಟಿಸುತ್ತಿದ್ದರು. ಫೋಟೊ ಆಂಟಿ ಕ್ಯಾಮೆರಾ ಎತ್ತಿದ್ದರು. ನಾನು ಪಕ್ಕದ ಹುಲ್ಲಿನ ಮೇಲಿದ್ದ ಬ್ಯಾಗನ್ನು ಎತ್ತಿ ಆಚೆಗಿಟ್ಟೆ.

"ಬಾ," ಎಂದೆ.

ಬನ್ನಿ ಎನ್ನಲಿಲ್ಲ. ಅದು ಅವನಿಗೂ ಕೇಳಿಸಿತು. ಎಡಗಾಲಿನ ಬೂಟು ನಾಲ್ಕು ಹೆಜ್ಜೆಯನ್ನು ಎರಡರಲ್ಲಿ ಮುಗಿಸಿ ನನ್ನ ಪಕ್ಕಕ್ಕೆ ಬಂತು.