ಕಾಲು ಸುತ್ತಿನ ಬಿಗಿ

೧೯೪೬ರ ಮಾರ್ಚಿಯಲ್ಲಿ, ಪೂರಿಗಾಲಿಯ ಬಳಿ, ಮಟಮಟ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಬಿ.ಎಸ್ಸಿ. ಮುಗಿಸಿದ ನಾನು ಮರದ ವ್ಯಾಪಾರಿಯೊಬ್ಬರ, ಹಲ್ಲಿನ ಸರಪಳಿ ಸುತ್ತಿ ಕೊಯ್ಯುವ ಪೆಟ್ರೋಲ್ ಗರಗಸದ ಉಸ್ತುವಾರಿ ನೋಡುತ್ತಿದ್ದೆ. ಉರುಳಿದ ಬಸರಿ ಮರ ಕೂಲಿಯಾಳು ಸಿದ್ದರಾಮುವಿನ ಕಾಲುಗಳ ಮೇಲೆ ಬಿದ್ದಿತ್ತು. ಎದೆಯ ಮೇಲೆ ಒಂದು ರೆಂಬೆಯೂ ಇರಲಿಲ್ಲ. ಕಾಂಡವನ್ನು ಕೊಯ್ದರೆ ಅವನನ್ನು ಎಳೆದುಕೊಳ್ಳಬಹುದಿತ್ತು.

"ಬೇಗ ಮಾಡ್ಲಾ ಖಾಸಿಂ, ಉಣ್ಣಾಕಾದ್ರೆ ಓಡ್ಬತ್ತೀಯ," ಎಂದು ಅವನು ನಮ್ಮ ಮೆಕ್ಯಾನಿಕ್ಕನ್ನು ಗೇಲಿ ಮಾಡಿದ.

ಖಾಸಿಂ ಗರಗಸದ ಸರಪಳಿಯನ್ನು ಬೆರಳಿನಿಂದ ಎತ್ತಿ ನೋಡಿದ. "ಒಂದ್ ಕಡೆ ಬಿಗಿ, ಒಂದ್ ಕಡೆ ಸಡ್ಲ ಸ್ವಾಮಿ. ಇಂಗೇ ಓಡ್ಸಿದ್ರೆ ಕಿತ್ಕೊಂಡು ನಮ್ ಮಕಕ್ಕೇ ಬತ್ತದೆ."

ಸರಪಳಿಯನ್ನು ಬಿಗಿಸುವ ತಿರುಪನ್ನು ನಾನು ಕಾಲು ಸುತ್ತು ಬಿಗಿ ಮಾಡಿದೆ. ಸಿದ್ದರಾಮು ಎದೆ ಹಿಡಿದುಕೊಂಡ.

"ಎದೆ ಕಟ್ತದೆ ಸ್ವಾಮಿ, ಬುಡಿ!"

ಸಡಿಲಿಸಿದೆ. ಅವನು ಉಸಿರಾಡಿದ. ಮತ್ತೆರಡು ಸಲ ಬಿಗಿ ಮಾಡಿ ನೋಡಿದೆ; ಮೂರು ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ನಾನು ಅವನಿಗೆ ಕಾಣದಂತೆ, ಮರದ ಆಚೆ ಕುಳಿತು ತಿರುಗಿಸಿದ್ದೆ. ಸುಡುಬಿಸಿಲಿನಲ್ಲಿ ಬಿದ್ದಿದ್ದ ಸರಪಳಿ ಬಾವಿನೀರಿನಷ್ಟು ತಣ್ಣಗಿತ್ತು.

ಸಡಿಲ ಸರಪಳಿ ಮರ ಕೊಯ್ಯುವುದಿಲ್ಲ. ಇನ್ನೊಮ್ಮೆ ಬಿಗಿ ಮಾಡಲು ನನ್ನ ಕೈ ಏಳಲಿಲ್ಲ. ಊರಿನವರು ಹಾರೆ ಹಿಡಿದು ಬಂದು ಮರ ಎತ್ತುವಷ್ಟರಲ್ಲಿ ಅವನ ಪ್ರಾಣ ಹೋಗಿತ್ತು.

ಆಮೇಲೆ, ತಿರುಪು ಮುಟ್ಟದೆ, ಸರಪಳಿಯನ್ನಷ್ಟೇ ಕೈಯಿಂದ ಪೂರ್ತಿ ಒಂದು ಸುತ್ತು ಎಳೆದು, ಗೇಣಿಗೊಮ್ಮೆ ಬೆರಳಿಟ್ಟು ನೋಡಿದೆ. ಬಿಗಿ ಎಲ್ಲ ಕಡೆಯೂ ಒಂದೇ ಸಮನಾಗಿತ್ತು, ಕೊಯ್ಯಲು ಎಷ್ಟು ಬೇಕೋ ಅಷ್ಟೇ ಇತ್ತು. ಕೊನೆಯ ಸಲ ಸಡಿಲಿಸಿದ ಮೇಲೆ ತಿರುಪನ್ನು ನಾನಾಗಲಿ ಖಾಸಿಮನಾಗಲಿ ಮುಟ್ಟಿರಲಿಲ್ಲ.